ಹನ್ನೆರಡು ಟೆನ್ಸ್ ಬಾಯಿಪಾಠ ಉಂಟು, ಬಾಯಿ ತೆರೆದರೆ ಒಂದೂ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಅಡಿಕೆ_ಲೆಕ್ಕ (ಬದಿಯಡ್ಕ):

ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿಕಾಂ. ಮೂರು ವರ್ಷದಿಂದ ಇಲ್ಲೇ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಜೊತೆಗೆ ಕೇರಳ ಪಿಎಸ್‌ಸಿ ಪರೀಕ್ಷೆಗೂ ಓದುತ್ತಿದ್ದೇನೆ, ಕನ್ನಡ ಮಲಯಾಳ ಎರಡೂ ಗೊತ್ತಿರುವವರಿಗೆ ಇರುವ ಕ್ಲರ್ಕ್ ಪೋಸ್ಟಿಗೆ.

ತೊಂದರೆ ಇರುವುದು ಇಂಗ್ಲಿಷಿನಲ್ಲಿ. ಅದರಲ್ಲೂ ಈ ಟೆನ್ಸ್. ಮೊನ್ನೆ ಗುಜರಾತಿನ ಪಾರ್ಟಿಗೆ ಮೇಲ್ ಹಾಕಿದೆ, 'ಐ ಆಮ್ ಸೆಂಡಿಂಗ್ ದ ಬಿಲ್ ಯೆಸ್ಟರ್‌ಡೇ' ಅಂತ. ಅವರು ಫೋನ್ ಮಾಡಿ, ಕಳಿಸಿದ್ದೀರೋ ಇನ್ನು ಕಳಿಸುತ್ತೀರೋ ಅಂತ ಹಿಂದಿಯಲ್ಲಿ ಕೇಳಿದರು. ಧಣಿಗಳು ಪಕ್ಕದಲ್ಲೇ ಕೂತಿದ್ದರು, ಏನೂ ಹೇಳಲಿಲ್ಲ, ಆದರೆ ಆ ಮೌನ ಉಂಟಲ್ಲ, ಅದು ಬೈಗುಳಕ್ಕಿಂತ ಜಾಸ್ತಿ. ಅದಕ್ಕೂ ಮೊದಲು ಮಂಗಳೂರಿನಲ್ಲಿ ಒಂದು ಇಂಟರ್‌ವ್ಯೂ. 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್' ಅಂದೆ. ಎದುರು ಕೂತವರು ಮುಖ ಮುಖ ನೋಡಿಕೊಂಡರು. ತಪ್ಪು ಅಂತ ಆಗಲೇ ಗೊತ್ತಾಯಿತು. ಎಲ್ಲಿ ತಪ್ಪು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಕೋಚಿಂಗಿಗೂ ಹೋದೆ. ಅಲ್ಲಿ ವಿವರಣೆ ಎಲ್ಲ ಮಲಯಾಳದಲ್ಲಿ. ಮಲಯಾಳ ಅರ್ಥ ಆಗುತ್ತದೆ, ಆದರೆ ಗ್ರಾಮರಿನ ಹೆಸರುಗಳನ್ನೂ ಮಲಯಾಳದಲ್ಲಿ ಹೇಳಿದರೆ ನಾನು ಎರಡು ಸಲ ತಲೆಯಲ್ಲೇ ಅನುವಾದ ಮಾಡಬೇಕು. ಅಷ್ಟರಲ್ಲಿ ಬೋರ್ಡ್ ಒರೆಸಿ ಆಗಿರುತ್ತದೆ. ಹನ್ನೆರಡು ಟೆನ್ಸಿನ ಪಟ್ಟಿ ಬಾಯಿಪಾಠ ಮಾಡಿದ್ದೇನೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಒಂದು ವಾಕ್ಯ ಮಾತಾಡು ಅಂದರೆ ಮಾತ್ರ ಬೆವರು.

ಹನ್ನೆರಡೂ ಬೇಕಾ? 'ಹ್ಯಾವ್' ಎಲ್ಲಿ, 'ಹ್ಯಾಡ್' ಎಲ್ಲಿ? ಮತ್ತೆ 'ಡಿಡ್' ಬಂದ ಕೂಡಲೇ 'ವೆಂಟ್' ಹೋಗಿ 'ಗೋ' ಯಾಕೆ ಆಗುತ್ತದೆ? ದಯವಿಟ್ಟು ಕನ್ನಡದಲ್ಲೇ ಹೇಳಿ.

———

ಹಳೇ ಚಾಕ್‌ಪೀಸ್ (ಮುಳ್ಳೇರಿಯ):

ಮಾರಾಯಾ, ಮೊದಲು ಆ ಪಟ್ಟಿಯನ್ನು ಮಡಚಿ ಪೆಟ್ಟಿಗೆಯಲ್ಲಿ ಇಡು. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ರಿಟೈರ್ ಆದವನು ನಾನು. ಅದೇ ಪಟ್ಟಿಯನ್ನು ನಾನೂ ವರ್ಷ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ, ಆ ಪಾಪ ನನಗೂ ಉಂಟು. ಮೂರು ಕಾಲ, ಒಂದೊಂದಕ್ಕೆ ನಾಲ್ಕು ರೂಪ, ಒಟ್ಟು 12. ಲೆಕ್ಕ ಚೆಂದ. ಆದರೆ ಕೊನೆಯ ಚೌಕದಲ್ಲಿ ಕೂತ 'ಐ ಶಲ್ ಹ್ಯಾವ್ ಬೀನ್ ಈಟಿಂಗ್' ಎಂಬ ವಾಕ್ಯವನ್ನು ಯಾರೂ ಊಟದ ಹೊತ್ತಿಗೆ ಹೇಳಿದ್ದು ನಾನಂತೂ ಕೇಳಿಲ್ಲ.

ಈಗ ನಿನ್ನ ಪ್ರಶ್ನೆಯನ್ನೇ ಇನ್ನೊಮ್ಮೆ ಓದು. 'ಇವತ್ತಿಗೂ ಗೊತ್ತಾಗಿಲ್ಲ' ಎಂದು ಬರೆದಿದ್ದೀಯ. 'ಇವತ್ತಿಗೂ ಗೊತ್ತಾಗಲಿಲ್ಲ' ಎಂದು ಯಾಕೆ ಬರೆಯಲಿಲ್ಲ? ಯಾರೂ ನಿನಗೆ ಈ ನಿಯಮ ಕಲಿಸಿಲ್ಲ. ಆದರೂ ಕೈ ಸರಿಯಾದದ್ದನ್ನೇ ಬರೆಯಿತು. ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾ ಇದ್ದೀಯ ಅಂತ ಇಟ್ಟುಕೋ. ಮನೆಯಿಂದ ಫೋನ್ ಬಂದರೆ 'ಬಸ್ ಬಂದಿಲ್ಲ' ಅನ್ನುತ್ತೀಯ. ಮರುದಿನ ಅದೇ ಕಥೆ ಹೇಳುವಾಗ 'ಬಸ್ ಬರಲಿಲ್ಲ' ಅನ್ನುತ್ತೀಯ. ಮೊದಲನೆಯದರಲ್ಲಿ ನೀನು ಇನ್ನೂ ರಸ್ತೆ ನೋಡುತ್ತಾ ನಿಂತಿದ್ದೀಯ, ಎರಡನೆಯದರಲ್ಲಿ ಆ ಕಥೆ ಮುಗಿದಿದೆ. ಇಂಗ್ಲಿಷಿನಲ್ಲಿ ಮೊದಲನೆಯದು 'ದ ಬಸ್ ಹ್ಯಾಸ್ ನಾಟ್ ಕಮ್', ಎರಡನೆಯದು 'ದ ಬಸ್ ಡಿಡ್ ನಾಟ್ ಕಮ್'. ಪ್ರೆಸೆಂಟ್ ಪರ್ಫೆಕ್ಟ್ ಅನ್ನುವ ಭೂತ ಇಷ್ಟೇ. 'ಬಂದಿದ್ದೇನೆ' ಅನ್ನುವುದನ್ನು ಬಿಡಿಸಿದರೆ 'ಬಂದು ಇದ್ದೇನೆ'. ಬಂದದ್ದು ಆಗಲೇ, ಇರುವುದು ಈಗ. 'ಹ್ಯಾವ್ ಕಮ್' ಕೂಡ ಹಾಗೇ, 'ಹ್ಯಾವ್' ಈಗಿನದು, 'ಕಮ್' ಆಗಿಹೋದದ್ದು.

'ಡಿಡ್' ಬಗ್ಗೆ ಕೇಳಿದೆ. ಇದು ನನಗೆ ಬಹಳ ಇಷ್ಟದ ಪ್ರಶ್ನೆ, ಯಾಕೆಂದರೆ ಉತ್ತರ ಪೂರ್ತಿ ಕನ್ನಡದಲ್ಲೇ ಇದೆ. 'ಹೋದೆ' ಎಂಬುದಕ್ಕೆ ಇಲ್ಲ ಸೇರಿಸು. 'ಹೋದಲಿಲ್ಲ' ಆಗುತ್ತದಾ? ಇಲ್ಲ, 'ಹೋಗಲಿಲ್ಲ'. ಹೋದದ್ದರ 'ದ' ಎಲ್ಲಿ ಹೋಯಿತು? ಕ್ರಿಯಾಪದ ಮತ್ತೆ ಬರೇ 'ಹೋಗು' ಆಯಿತು, ಕಾಲದ ಭಾರವನ್ನು ಹಿಂದೆ ಬಂದ 'ಲಿಲ್ಲ' ಹೊತ್ತಿತು. ಇಂಗ್ಲಿಷಿನಲ್ಲಿ ಆ ಭಾರ ಹೊರುವುದು 'ಡಿಡ್'. ಒಂದು ಹೊರೆಗೆ ಒಂದೇ ತಲೆ ಸಾಕು. 'ಐ ಡಿಡ್ ನಾಟ್ ವೆಂಟ್' ಅಂದರೆ ಅಲ್ಲಿಯವರ ಕಿವಿಗೆ 'ನಾನು ಹೋದಲಿಲ್ಲ' ಅಂದ ಹಾಗೆ ಕೇಳುತ್ತದೆ. 'ಶೀ ಡಸ್ ನಾಟ್ ವರ್ಕ್ಸ್' ತಪ್ಪಾಗುವುದೂ ಇದಕ್ಕೇ, ಆ 'ಸ್' ಆಗಲೇ 'ಡಸ್' ಒಳಗೆ ಹೋಗಿ ಕೂತಿದೆ.

ಇಷ್ಟರವರೆಗೆ ಕನ್ನಡ ಕೈ ಹಿಡಿಯುತ್ತದೆ. ಇನ್ನು ಎಡವಿ ಬೀಳಿಸುವ ಜಾಗ. ನಾವು 'ನಿನ್ನೆ ಕುಂಬಳೆಗೆ ಹೋಗಿದ್ದೆ' ಅನ್ನುತ್ತೇವೆ, 'ನಿನ್ನೆ ಮಾವ ಬಂದಿದ್ದರು' ಅನ್ನುತ್ತೇವೆ. ಸುಮ್ನೆ ಸುದ್ದಿ ಹೇಳುವುದು, ಬೇರೆ ಏನೂ ಇಲ್ಲ. ಅದನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಹಾಕಿದರೆ 'ಐ ಹ್ಯಾಡ್ ಗಾನ್ ಟು ಕುಂಬಳೆ ಯೆಸ್ಟರ್‌ಡೇ' ಆಗುತ್ತದೆ. ಕೇಳಿದವರು 'ಹ್ಞಾಂ, ಆಮೇಲೆ ಏನಾಯಿತು?' ಅಂತ ಕಾಯುತ್ತಾರೆ. ಯಾಕೆಂದರೆ 'ಹ್ಯಾಡ್' ಒಂಟಿಯಾಗಿ ನಿಲ್ಲುವುದಿಲ್ಲ. ಹಿಂದೆ ನಡೆದ ಒಂದು ಘಟನೆ ಬೇಕು, ಅದಕ್ಕಿಂತಲೂ ಹಿಂದೆ ನಡೆದದ್ದಕ್ಕೆ 'ಹ್ಯಾಡ್'. ಬರೇ ಹೋಗಿ ಬಂದದ್ದಕ್ಕೆ 'ಐ ವೆಂಟ್' ಸಾಕು. ನಮ್ಮ ಕಡೆಯ ಮಕ್ಕಳ ಉತ್ತರ ಪತ್ರಿಕೆಯಲ್ಲಿ ನಾನು ಅತಿ ಹೆಚ್ಚು ಕೆಂಪು ಗೆರೆ ಎಳೆದದ್ದು ಈ 'ಹ್ಯಾಡ್' ಅಡಿಯಲ್ಲಿ. ಇದು ದಡ್ಡತನ ಅಲ್ಲ, ಕನ್ನಡ ಚೆನ್ನಾಗಿ ಗೊತ್ತಿರುವುದರಿಂದಲೇ ಆಗುವ ತಪ್ಪು.

ಹಾಗೆಯೇ 'ಅವನು ನಿನ್ನೆ ಬಂದಿದ್ದಾನೆ' ಕನ್ನಡದಲ್ಲಿ ಸರಿ. 'ಹೀ ಹ್ಯಾಸ್ ಕಮ್ ಯೆಸ್ಟರ್‌ಡೇ' ಇಂಗ್ಲಿಷಿನಲ್ಲಿ ಸರಿಯಲ್ಲ. 'ನಿನ್ನೆ', '2019ರಲ್ಲಿ', 'ಕಳೆದ ವಾರ' ಅಂತ ದಿನ ಹೆಸರಿಸಿದೆಯೋ, 'ಹ್ಯಾವ್' ಬಾಗಿಲ ಹೊರಗೆ.

ನನ್ನ ಕ್ಲಾಸಿನಲ್ಲಿ ನಮ್ಮ ಊರಿನದ್ದೇ ಉದಾಹರಣೆ ಕೊಡುತ್ತಿದ್ದೆ. 'ಕಾಸರಗೋಡ್ ಬಿಕೇಮ್ ಪಾರ್ಟ್ ಆಫ್ ಕೇರಳ ಇನ್ 1956.' ವರ್ಷ ಹೇಳಿ ಆಯಿತು, ಮುಗಿದ ಘಟನೆ, ಸಾದಾ ಪಾಸ್ಟ್. 'ಇಟ್ ಹ್ಯಾಸ್ ಬೀನ್ ಇನ್ ಕೇರಳ ಸಿನ್ಸ್ 1956.' ಅಂದಿನಿಂದ ಇವತ್ತಿನವರೆಗೂ ಅಲ್ಲೇ ಇದೆ, ಅದಕ್ಕೆ 'ಹ್ಯಾಸ್'. 'ಬಿಫೋರ್ ದಟ್, ಇಟ್ ಹ್ಯಾಡ್ ಬೀನ್ ಇನ್ ಸೌತ್ ಕೆನರಾ.' 1956ಕ್ಕೂ ಹಿಂದಿನ ಮಾತು, ಅದಕ್ಕೆ 'ಹ್ಯಾಡ್'. ಮೂರು ವಾಕ್ಯದಲ್ಲಿ ಮೂರು ಟೆನ್ಸ್. ನಮ್ಮ ಊರಿನ ಗಾಯವೂ ಅದರಲ್ಲೇ ಬಂತು, ಅದು ಬೇರೆ ಮಾತು. ಜಿಲ್ಲೆ ಆದದ್ದು 1984ರಲ್ಲಿ, ಆ ವಾಕ್ಯವನ್ನು ನೀನೇ ಮಾಡು.

ಇಂಟರ್‌ವ್ಯೂ ತಪ್ಪು ಈಗ ನಿನಗೇ ಕಾಣಬೇಕು. ಮೂರು ವರ್ಷದ ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿದೆ, ಹಾಗಾಗಿ 'ಐ ಹ್ಯಾವ್ ಬೀನ್ ವರ್ಕಿಂಗ್'. 'ಸಿನ್ಸ್' ಯಾಕೆ ತಪ್ಪು? ಕನ್ನಡಕ್ಕೆ ಒಂದೇ 'ಇಂದ' ಸಾಕು, 'ಮೂರು ವರ್ಷದಿಂದ', '2021ರಿಂದ'. ಇಂಗ್ಲಿಷ್ ಇಲ್ಲಿ ಸ್ವಲ್ಪ ಜಿಪುಣತನ ಬಿಟ್ಟಿದೆ, ಎರಡು ಶಬ್ದ ಇಟ್ಟುಕೊಂಡಿದೆ. ಎಷ್ಟು ಉದ್ದ ಅಂತ ಹೇಳಿದರೆ 'ಫಾರ್', ಎಲ್ಲಿಂದ ಶುರು ಅಂತ ಹೇಳಿದರೆ 'ಸಿನ್ಸ್'. ಮೂರು ವರ್ಷ ಅನ್ನುವುದು ಉದ್ದ.

———

ದೇರಾ_ಟು_ಹೊಸಂಗಡಿ:

ಮೇಷ್ಟ್ರು ಹೇಳಿದ್ದು ಸರಿ, ಆದರೆ ಓದಿ ಓದಿಯೇ ಬರುತ್ತದೆ ಅಂತ ಕೂರಬೇಡ ಅಣ್ಣಾ. ನಾನು ದುಬೈಯಲ್ಲಿ ಸ್ಟೋರ್ ಕೀಪರ್. ಬಂದಾಗ ನನ್ನ ಇಂಗ್ಲಿಷ್ ಅಂದರೆ 'ಯೆಸ್ ಸರ್', 'ನೋ ಸರ್', ಮತ್ತೆ ಎಲ್ಲದಕ್ಕೂ ಒಂದು 'ಇಂಗ್'. ಒಮ್ಮೆ ಸೂಪರ್‌ವೈಸರ್ 'ಹ್ಯಾವ್ ಯೂ ಕೌಂಟೆಡ್ ದ ಬಾಕ್ಸಸ್?' ಅಂತ ಮೆಸೇಜ್ ಹಾಕಿದರು. ಎಣಿಸಿ ಮುಗಿಸಿ ಚಾ ಕುಡಿಯುತ್ತಿದ್ದೆ. 'ಐ ಆಮ್ ಕೌಂಟಿಂಗ್' ಅಂತ ಉತ್ತರ ಕೊಟ್ಟೆ. ಲಾರಿ ಒಂದು ಗಂಟೆ ಗೇಟಿನಲ್ಲಿ ನಿಂತಿತು, ನಾನು ಎಣಿಸುತ್ತಾ ಇದ್ದೇನೆ ಅಂತ. ಆ ದಿನ ಬೈಗುಳ ತಿಂದ ಮೇಲೆ 'ಐ ಹ್ಯಾವ್ ಕೌಂಟೆಡ್' ಇವತ್ತಿನವರೆಗೆ ಮರೆತಿಲ್ಲ.

ನಮ್ಮವರ ದೊಡ್ಡ ರೋಗ ಈ 'ಇಂಗ್'. 'ಐ ಆಮ್ ನೋಯಿಂಗ್', 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್', 'ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್'. ನನಗೆ ಇದನ್ನು ಬಿಡಿಸಿದ್ದು ರೂಮಿನ ಒಬ್ಬ ಫಿಲಿಪಿನೋ ಗೆಳೆಯ. ಅವನು ಹೇಳಿದ್ದು ಇಷ್ಟು: ಕೈಕಾಲು ಆಡುವ ಕೆಲಸಕ್ಕೆ 'ಇಂಗ್' ಹಾಕು, ತಲೆ ಒಳಗೆ ಸುಮ್ಮನೆ ಕೂತಿರುವುದಕ್ಕೆ ಹಾಕಬೇಡ. ಗೊತ್ತಿರುವುದು, ಬೇಕಾಗಿರುವುದು, ಇಷ್ಟ ಇರುವುದು, ನಂಬುವುದು, ನೆನಪಿರುವುದು, ನನ್ನ ಹತ್ತಿರ ಇರುವುದು, ಇದೆಲ್ಲ 'ಐ ನೋ', 'ಐ ವಾಂಟ್', 'ಐ ಹ್ಯಾವ್'. ನಾವು ಊರಲ್ಲಿ 'ಮಳೆ ಬರ್ತಾ ಉಂಟು' ಅನ್ನುತ್ತೇವಲ್ಲ, ಆ 'ಬರ್ತಾ ಉಂಟು' ಎಲ್ಲಿ ಬರುತ್ತದೋ ಅಲ್ಲಿ 'ಇಂಗ್'. 'ನನಗೆ ಗೊತ್ತಾಗ್ತಾ ಉಂಟು' ಅಂತ ಕೆಲವು ಸಲ ಹೇಳುತ್ತೇವೆ, ಅಲ್ಲಿ ಮಾತ್ರ ಜಾಗ್ರತೆ.

ಇನ್ನೊಂದು, ಯಾರೂ ಹೇಳಿಕೊಡುವುದಿಲ್ಲ. ಶಾಲೆಯಲ್ಲಿ ನಮಗೆ 'ವಾಕೆಡ್', 'ಕುಕ್ಕೆಡ್' ಅಂತ ಓದಿಸಿದ್ದರು. ಹೇಳುವುದು 'ವಾಕ್ಟ್', 'ಕುಕ್ಟ್'. 'ಕಾಲ್' ಇದ್ದರೆ 'ಕಾಲ್ಡ್'. ಶಬ್ದದ ಕೊನೆಯಲ್ಲಿ ಮೊದಲೇ ಟ್ ಅಥವಾ ಡ್ ಸದ್ದು ಇದ್ದರೆ ಮಾತ್ರ 'ಇಡ್' ಬಿಡಿಸಿ ಹೇಳಬೇಕು, 'ವಾಂಟೆಡ್', 'ನೀಡೆಡ್' ಅಂತ. 'ರೀಡ್' ಅಂತೂ ಬರೆಯುವಾಗ ಬದಲಾಗುವುದೇ ಇಲ್ಲ, ಓದುವಾಗ ಮಾತ್ರ 'ರೆಡ್' ಆಗುತ್ತದೆ. ಅದಕ್ಕೆ ಕಾರಣ ಕೇಳಬೇಡ.

———

ತಾಳವಾಡಿ ತಂಬಿ:

ಮೇಷ್ಟ್ರೇ, ಇದು ತಮಿಳಲ್ಲೂ ಹಾಗೇ ಇದೆ. 'ವಂದಾನ್' ಅಂದರೆ ಬಂದ, 'ವಂದಿರುಕ್ಕಾನ್' ಅಂದರೆ ಬಂದಿದ್ದಾನೆ. ನಮಗೆ ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ತಮಿಳು. ಎರಡು ಕಡೆಯೂ ಇದ್ದದ್ದನ್ನು ಮೂರನೇ ಕಡೆ ಹೊಸದಾಗಿ ಬಾಯಿಪಾಠ ಮಾಡಿಸಿದರು ಅಂತ ಈಗ ಹೊಟ್ಟೆ ಉರಿಯುತ್ತಿದೆ.

———

ಹಳೇ ಚಾಕ್‌ಪೀಸ್:

ತುಳುವಿನಲ್ಲಿ ಇನ್ನೂ ಚೆಂದ ತಂಬೀ. 'ಬತ್ತೆರ್' ಅಂದರೆ ಬಂದರು, 'ಬೈದೆರ್' ಅಂದರೆ ಬಂದಿದ್ದಾರೆ. 'ಇದ್ದಾರೆ' ಅಂತ ಬೇರೆ ಬಾಲವೇ ಬೇಡ, ಶಬ್ದವೇ ಬದಲಾಗುತ್ತದೆ. ಗಡಿಯಲ್ಲಿ ಹುಟ್ಟಿದವರಿಗೆ ಪರ್ಫೆಕ್ಟ್ ಕಷ್ಟ ಅನ್ನುವುದನ್ನು ನಾನು ಒಪ್ಪುವುದಿಲ್ಲ.

———

ಅಡಿಕೆ_ಲೆಕ್ಕ:

ಸರ್, 'ಹೋದಲಿಲ್ಲ' ಓದಿ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಇಷ್ಟು ವರ್ಷ ಯಾಕೆ ಯಾರೂ ಹೀಗೆ ಹೇಳಲಿಲ್ಲ? ದುಬೈ ಅಣ್ಣನ ಲಾರಿ ಕಥೆ ನನ್ನ ಬಿಲ್ ಕಥೆಯ ಅಣ್ಣನೇ.

ಒಂದು ಬಾಕಿ ಉಂಟು, ಮುಂದೆ ಆಗುವುದು. 'ನಾನು ದಿನಾ ಹೋಗುತ್ತೇನೆ', 'ನಾಳೆ ಹೋಗುತ್ತೇನೆ', ಎರಡಕ್ಕೂ ನಮಗೆ ಒಂದೇ ಶಬ್ದ. 'ಹೋಗುವೆನು' ಅಂತ ಪುಸ್ತಕದಲ್ಲಿ ಇದೆ, ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಎಲ್ಲದಕ್ಕೂ 'ವಿಲ್' ಹಾಕಿದರೆ ನಡೆಯುತ್ತದಾ? ಪಿಎಸ್‌ಸಿ ಬರೆದವರು ಯಾರಾದರೂ ಇದ್ದರೆ ಅದರ ಬಗ್ಗೆಯೂ ಹೇಳಿ.

———

ನೀರ್ಚಾಲು ಕೂಸು:

ನಾನು ಬರೆದಿದ್ದೇನೆ ಅಣ್ಣಾ, ಎರಡು ಸಲ. ಮೊದಲ ಸಲ ಇಂಗ್ಲಿಷೇ ಕೈಕೊಟ್ಟಿತು.

ಮೊದಲು ನಿಮ್ಮ 'ಹೋಗುತ್ತೇನೆ'. ಬೇರೆ ಬೇರೆ ಇಂಗ್ಲಿಷ್ ಅದರೊಳಗೆ ಅಡಗಿ ಕೂತಿದೆ. ದಿನಾ ಹೋಗುವುದಾದರೆ 'ಐ ಗೋ'. ನಾಳೆ ಮಂಗಳೂರಿಗೆ ಹೋಗುವುದು ಮೊದಲೇ ಗೊತ್ತಾಗಿದೆ, ಟಿಕೆಟೂ ಆಗಿದೆ ಅಂದರೆ 'ಐ ಆಮ್ ಗೋಯಿಂಗ್ ಟು ಮ್ಯಾಂಗಲೋರ್ ಟುಮಾರೋ'. ಅಮ್ಮ ಈಗ 'ಕರೆಂಟ್ ಬಿಲ್ ಕಟ್ಟುವವರು ಯಾರು?' ಅಂತ ಕೇಳಿದರು, ನೀವು ಆ ಕ್ಷಣಕ್ಕೆ 'ನಾನೇ ಕಟ್ಟುತ್ತೇನೆ' ಅಂದರೆ 'ಐ ವಿಲ್ ಪೇ'. 'ವಿಲ್' ಅಂದರೆ ಬಾಯಿಗೆ ಬರುವಾಗಲೇ ಹುಟ್ಟಿದ ತೀರ್ಮಾನ, ಇಲ್ಲವೇ ಭರವಸೆ, ಇಲ್ಲವೇ ಊಹೆ. ರೈಲಿನ ಟೈಮ್‌ಟೇಬಲ್ ಆದರೆ ನಾಳೆಯದ್ದಾದರೂ 'ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್'. ಎಲ್ಲದಕ್ಕೂ 'ವಿಲ್' ಹಾಕಿದರೆ ಅರ್ಥ ಆಗುತ್ತದೆ, ಕೆಲಸ ನಿಲ್ಲುವುದಿಲ್ಲ. ಇಂಗ್ಲಿಷಿಗೆ ಫ್ಯೂಚರ್ ಟೆನ್ಸೇ ಇಲ್ಲ, ಕ್ರಿಯಾಪದ ತಾನಾಗಿ ಬದಲಾಗುವುದು ಪ್ರೆಸೆಂಟಿಗೂ ಪಾಸ್ಟಿಗೂ ಮಾತ್ರ ಅಂತ ವಾದ ಮಾಡುವ ವ್ಯಾಕರಣದವರೂ ಇದ್ದಾರೆ. ಹಾಗೆ ನೋಡಿದರೆ ನಮ್ಮ ಹಾಗೇ ಆಯಿತು.

ಇನ್ನು ಪರೀಕ್ಷೆ. ಅಲ್ಲಿ ನಿಮ್ಮನ್ನು ಮಾತಾಡಿಸುವುದಿಲ್ಲ, ಖಾಲಿ ಜಾಗ ತುಂಬಿಸುತ್ತಾರೆ. ಹಾಗಾಗಿ ಕ್ರಿಯಾಪದ ನೋಡುವ ಮೊದಲು ಸಮಯದ ಶಬ್ದ ಹುಡುಕಿ. 'ಯೆಸ್ಟರ್‌ಡೇ', 'ಅಗೋ' ಕಂಡರೆ ಸಾದಾ ಪಾಸ್ಟ್. 'ಸಿನ್ಸ್', 'ಯೆಟ್', 'ಸೋ ಫಾರ್' ಕಂಡರೆ ಹೆಚ್ಚಾಗಿ 'ಹ್ಯಾವ್' ಕಡೆ ಹೋಗಿ. 'ವೆನ್ ವೀ ರೀಚ್ಡ್ ದ ಸ್ಟೇಶನ್, ದ ಟ್ರೈನ್' ಅಂತ ಬಿಟ್ಟು ಜಾಗ ಖಾಲಿ ಇಟ್ಟು, ಮುಂದೆ 'ಆಲ್‌ರೆಡಿ' ಅಂತ ಇದ್ದರೆ 'ಹ್ಯಾಡ್ ಲೆಫ್ಟ್'. ಮೇಷ್ಟ್ರು ಹೇಳಿದ ಹಾಗೆ ಹಿಂದಿನದ್ದರ ಹಿಂದೆ. ರೈಲು ಮೊದಲು ಹೋಯಿತು, ನಾವು ಆಮೇಲೆ ತಲುಪಿದೆವು.

'ಇಫ್' ಪ್ರಶ್ನೆಗೆ ನಾನು ಕನ್ನಡವನ್ನೇ ಹಿಡಿದೆ. 'ಅವನು ಬಂದಿದ್ದರೆ ಕೊಡುತ್ತಿದ್ದೆ', ಅಂದರೆ ಅವನು ಬರಲಿಲ್ಲ, ನಾನು ಕೊಡಲಿಲ್ಲ. 'ಬಂದಿದ್ದರೆ' ಕಂಡಲ್ಲಿ 'ಇಫ್ ಹೀ ಹ್ಯಾಡ್ ಕಮ್', 'ಕೊಡುತ್ತಿದ್ದೆ' ಕಂಡಲ್ಲಿ 'ಐ ವುಡ್ ಹ್ಯಾವ್ ಗಿವನ್'. ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಇದು ನನಗೆ ಸುಲಭ ಆಯಿತು.

ಕೋಚಿಂಗ್ ಮಲಯಾಳದಲ್ಲಿ ಅಂತ ಬೇಜಾರು ಮಾಡಬೇಡಿ. ಅಲ್ಲೂ 'ವನ್ನು', 'ವನ್ನಿಟ್ಟುಂಡ್' ಅಂತ ಬೇರೆ ಬೇರೆ ಇದೆ. ನಮ್ಮ ಹವ್ಯಕದ 'ಬಂದ', 'ಬೈಂದ' ಹಾಗೆ. ಒಂದು ತಮಾಷೆ ಗೊತ್ತಾ? ಮಲಯಾಳದಲ್ಲಿ ನಾನು ಹೋದರೂ 'ಪೋಯಿ', ಅವಳು ಹೋದರೂ 'ಪೋಯಿ', ಇಂಗ್ಲಿಷಿನ 'ವೆಂಟ್' ಹಾಗೆ. ನಾವು ಕನ್ನಡದವರು ಹೋದೆ, ಹೋದಳು, ಹೋಯಿತು ಅಂತ ಪ್ರತಿಯೊಬ್ಬರಿಗೂ ಬೇರೆ ಬಾಲ ಕಟ್ಟುವವರು. ಅಂಥ ನಾವು 'ಶೀ ವರ್ಕ್' ಅಂತ ಒಂದೇ ಒಂದು 'ಸ್' ಮರೆಯುತ್ತೇವೆ ಅಂದರೆ ನಾಚಿಕೆಯ ಮಾತು ಅಲ್ವಾ? ನಾನು ಮೊದಲ ಸಲ ಅದರಲ್ಲೇ ಮಾರ್ಕು ಕಳಕೊಂಡದ್ದು.

———

ಅಡಿಕೆ_ಲೆಕ್ಕ:

ತಂಗೀ, ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೇನೆ. ಇವತ್ತು ಹೊಸ ಅಡಿಕೆಯ ಲೋಡ್ ಹೋಗಿದೆ. ಪಾರ್ಟಿಗೆ ಕಳಿಸುವ ಮೊದಲು ಇಲ್ಲಿ ಹಾಕುತ್ತೇನೆ, ನೋಡಿ ಹೇಳಿ.

'ಐ ಸೆಂಟ್ ದ ಬಿಲ್ ಯೆಸ್ಟರ್‌ಡೇ. ದ ಲಾರಿ ಹ್ಯಾಸ್ ಲೆಫ್ಟ್ ಬದಿಯಡ್ಕ. ದ ಡ್ರೈವರ್ ಹ್ಯಾಸ್ ನಾಟ್ ಕಾಲ್ಡ್ ಯೆಟ್. ವೆನ್ ದ ಲಾರಿ ವಿಲ್ ರೀಚ್, ಪ್ಲೀಸ್ ಕಾಲ್ ಮೀ.'

———

ಹಳೇ ಚಾಕ್‌ಪೀಸ್:

ಭೇಷ್. ಕೊನೆಯದನ್ನು ಮಾತ್ರ ತಿದ್ದು. ಕನ್ನಡದಲ್ಲಿ 'ಲಾರಿ ತಲುಪಿದಾಗ ಫೋನ್ ಮಾಡಿ' ಅನ್ನುತ್ತೀಯ. ಲಾರಿ ತಲುಪುವುದು ಇನ್ನು ಮುಂದೆ, ಆದರೂ 'ತಲುಪಿದಾಗ' ಅಂತ ಆಗಿಹೋದ ಹಾಗೆ ಹೇಳಿದೆ. 'ತಲುಪುತ್ತದೆಯಾದಾಗ' ಅಂದರೆ ನಗುತ್ತಾರೆ. ಇಂಗ್ಲಿಷಿನಲ್ಲೂ ಆ ಜಾಗದಲ್ಲಿ 'ವಿಲ್' ಬರುವುದಿಲ್ಲ, ಅವರು ಪ್ರೆಸೆಂಟ್ ಹಾಕುತ್ತಾರೆ. 'ವೆನ್ ದ ಲಾರಿ ರೀಚಸ್, ಪ್ಲೀಸ್ ಕಾಲ್ ಮೀ.' ಹಾಗೆಯೇ 'ಮಳೆ ಬಂದರೆ' ಎಂಬುದಕ್ಕೆ 'ಇಫ್ ಇಟ್ ರೇನ್ಸ್', 'ಇಫ್ ಇಟ್ ವಿಲ್ ರೇನ್' ಅಲ್ಲ.

———

ಅಡಿಕೆ_ಲೆಕ್ಕ:

ತಿದ್ದಿ ಕಳಿಸಿದೆ ಸರ್. ಅರ್ಧ ಗಂಟೆಯಲ್ಲಿ ಉತ್ತರ ಬಂತು, ಈ ಸಲ ಫೋನ್ ಇಲ್ಲ, ಇಂಗ್ಲಿಷಿನಲ್ಲೇ. ಹಳೆ ಬಾಕಿಯ ಬಗ್ಗೆಯೂ ಒಂದು ಸಾಲು ಇದೆ, 'ವೀ ವಿಲ್ ಸೆಂಡ್ ದ ಪೇಮೆಂಟ್' ಅಂತ. ಇದು ತಂಗಿ ಹೇಳಿದ ಭರವಸೆಯ 'ವಿಲ್' ಅಲ್ವಾ?

———

ದೇರಾ_ಟು_ಹೊಸಂಗಡಿ:

ಬಾಯಿಗೆ ಬರುವಾಗಲೇ ಹುಟ್ಟಿದ 'ವಿಲ್' ಕೂಡ ಆಗಿರಬಹುದು ಮಾರಾಯಾ. 'ವೀ ಹ್ಯಾವ್ ಸೆಂಟ್' ಅಂತ ಬರುವವರೆಗೆ ಎರಡನೇ ಲೋಡ್ ಹತ್ತಿಸಬೇಡ.